ಕಾರು ಸಾಲ: ಸಾಲದಾತರ ಆಯ್ಕೆ, ಕಂತು ಕರಾರು ನಮೂದು ಮತ್ತು ರದ್ದತಿ – ಸಾರ್ವಜನಿಕರಿಗೆ ಮಾಹಿತಿ

ಶಿವಾಜಿನಗರ, ಹಲಸೂರು, ಇಂದಿರಾನಗರ ಹಾಗೂ ಕೃಷ್ಣರಾಜಪುರಂ ಭಾಗಗಳಲ್ಲಿ ಸಾಲ ಪಡೆದು ಹೊಸ ಕಾರು ಖರೀದಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಸಾಲದಾತರ ಆಯ್ಕೆ

ಮಾರಾಟಗಾರರು ಸೂಚಿಸುವ ಹಣಕಾಸು ಸಂಸ್ಥೆಯಿಂದಲೇ ಸಾಲ ಪಡೆಯಬೇಕೆಂಬ ನಿಯಮವಿರುವುದಿಲ್ಲ. ಖರೀದಿದಾರರು ತಮ್ಮ ಖಾತೆ ಇರುವ ಬ್ಯಾಂಕ್, ಸಹಕಾರ ಬ್ಯಾಂಕ್ ಅಥವಾ ಇತರೆ ಸಂಸ್ಥೆಯಿಂದ ಸಾಲ ಪಡೆಯಬಹುದಾಗಿದೆ. ಸಾಲದಾತರು ಯಾರೇ ಆಗಿದ್ದರೂ ನೋಂದಣಿ ವಿಧಾನವು ಒಂದೇ ಆಗಿರುತ್ತದೆ. 2019ರ ತಿದ್ದುಪಡಿಯನ್ವಯ, ರಾಜ್ಯದೊಳಗಿನ ಮಾರಾಟಗಾರರಿಂದ ಖರೀದಿಸಿ ಇದೇ ರಾಜ್ಯದಲ್ಲಿ ನೋಂದಾಯಿಸುವ ಹೊಸ ವಾಹನದ ನೋಂದಣಿ ಅರ್ಜಿಯನ್ನು ಮಾರಾಟಗಾರರೇ ಸಲ್ಲಿಸತಕ್ಕದ್ದು. ಆದ್ದರಿಂದ, ಬೇರೆ ಬ್ಯಾಂಕಿನಿಂದ ಸಾಲ ಪಡೆದ ಕಾರಣಕ್ಕೆ ನೋಂದಣಿಯ ಹೊಣೆ ಖರೀದಿದಾರರಿಗೆ ವರ್ಗಾವಣೆಯಾಗುವುದಿಲ್ಲ.

2. ಬಡ್ಡಿಯ ಹೋಲಿಕೆ

ಸಮದರ ಬಡ್ಡಿಯನ್ನು ಪೂರ್ಣ ಅವಧಿಗೆ ಆರಂಭದ ಅಸಲಿನ ಮೇಲೆ ಲೆಕ್ಕ ಹಾಕಲಾಗುತ್ತದೆ. ಇಳಿಕೆ ಬಾಕಿ ಬಡ್ಡಿಯನ್ನು ಉಳಿದಿರುವ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಲಾಗುತ್ತದೆ.

ಉದಾಹರಣೆ: ರೂ. 5,00,000 ಸಾಲ, ಅವಧಿ 60 ತಿಂಗಳು.
(ಅ) ಶೇ. 7 ಸಮದರ: ಮಾಸಿಕ ಕಂತು ರೂ. 11,250, ಒಟ್ಟು ಬಡ್ಡಿ ರೂ. 1,75,000.
(ಆ) ಶೇ. 9.5 ಇಳಿಕೆ ಬಾಕಿ: ಮಾಸಿಕ ಕಂತು ಸುಮಾರು ರೂ. 10,500, ಒಟ್ಟು ಬಡ್ಡಿ ಸುಮಾರು ರೂ. 1,30,000.

ಕಡಿಮೆ ಎಂದು ತೋರುವ ಶೇ. 7ರ ಸಮದರವು ವಾಸ್ತವವಾಗಿ ಇಳಿಕೆ ಬಾಕಿ ವಿಧಾನದ ಸುಮಾರು ಶೇ. 12.5ಕ್ಕೆ ಸಮನಾಗಿದ್ದು, ಖರೀದಿದಾರರಿಗೆ ಸುಮಾರು ರೂ. 45,000 ಹೆಚ್ಚು ಹೊರೆಯಾಗುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ದಿನಾಂಕ 1-10-2024 ರಿಂದ ಹೊಸ ಸಾಲಗಳಿಗೆ ಪ್ರಮುಖ ಸಂಗತಿಗಳ ವಿವರಣಾ ಪತ್ರವನ್ನು ನೀಡುವುದು ಕಡ್ಡಾಯವಾಗಿರುತ್ತದೆ. ಬಡ್ಡಿ ಮತ್ತು ಶುಲ್ಕಗಳನ್ನು ಒಳಗೊಂಡ ವಾರ್ಷಿಕ ದರವನ್ನು ಇದರಲ್ಲಿ ನಮೂದಿಸಲಾಗಿರುತ್ತದೆ. ಅರ್ಜಿದಾರರು ಒಪ್ಪಿಗೆ ಸೂಚಿಸಲು ಕನಿಷ್ಠ 3 ಕೆಲಸದ ದಿನಗಳ ಅವಕಾಶವಿರುತ್ತದೆ. ಈ ಅವಧಿಯಲ್ಲಿ ಎರಡು ಅಥವಾ ಮೂರು ಸಂಸ್ಥೆಗಳ ಪತ್ರಗಳನ್ನು ಹೋಲಿಸಿ ನೋಡುವುದು ಸೂಕ್ತ. ಕೆಲವೊಮ್ಮೆ ಮಾರಾಟಗಾರರ ಮೂಲಕ ದೊರೆಯುವ ಸಾಲವೇ ಅಗ್ಗವಾಗಿರಬಹುದು. ಆದರೆ ಅದಕ್ಕಾಗಿ ಕಾರಿನ ಬೆಲೆಯಲ್ಲಿನ ರಿಯಾಯಿತಿಯನ್ನು ಬಿಟ್ಟುಕೊಡಬೇಕಾಗುವುದೇ ಎಂಬುದನ್ನು ವಿಚಾರಿಸತಕ್ಕದ್ದು.

3. ಖರೀದಿಗೆ ಮುನ್ನ ಅನುಸರಿಸಬೇಕಾದ ಕ್ರಮ

(ಅ) ಸಾಲ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಪೂರ್ಣ ವರದಿಯನ್ನು ಪಡೆದು ಪರಿಶೀಲಿಸುವುದು.
(ಆ) ಮುಂಗಡ ನೀಡುವ ಮೊದಲೇ ಬ್ಯಾಂಕಿನಿಂದ ಸಾಲ ಮಂಜೂರಾತಿ ಪತ್ರವನ್ನು ಪಡೆಯುವುದು.
(ಇ) ಕಾರಿನ ಬೆಲೆ, ಜೀವಿತಾವಧಿ ತೆರಿಗೆ, ವಿಮೆ ಹಾಗೂ ಇತರೆ ಶುಲ್ಕಗಳನ್ನು ಪ್ರತ್ಯೇಕವಾಗಿ ತೋರಿಸುವ ದರಪಟ್ಟಿಯನ್ನು ಪಡೆಯುವುದು.
(ಈ) ಅವಧಿಗೆ ಮುನ್ನ ಸಾಲ ತೀರಿಸಿದಲ್ಲಿ ವಿಧಿಸುವ ಶುಲ್ಕವನ್ನು, ವಿಶೇಷವಾಗಿ ಸ್ಥಿರ ಬಡ್ಡಿ ದರದ ಸಾಲಗಳಲ್ಲಿ, ಲಿಖಿತವಾಗಿ ತಿಳಿದುಕೊಳ್ಳುವುದು.
(ಉ) ಖಾಲಿ ನಮೂನೆಗಳಿಗೆ ಸಹಿ ಮಾಡದಿರುವುದು.

ವಿಮೆಯನ್ನು ಸಹ ಖರೀದಿದಾರರು ತಮ್ಮ ಆಯ್ಕೆಯ ಕಂಪನಿಯಿಂದ ಪಡೆಯಬಹುದಾಗಿದೆ.

4. ನೋಂದಣಿಯಲ್ಲಿ ಕಂತು ಕರಾರು ನಮೂದು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 51ರಂತೆ ಸಾಲದಾತರ ಹೆಸರನ್ನು ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಿಸಲಾಗುತ್ತದೆ. ಹೊಸ ವಾಹನಕ್ಕೆ ನಮೂನೆ 20ರಲ್ಲಿಯೇ ಈ ವಿವರ ನೀಡಬೇಕು. ಈಗಾಗಲೇ ನೋಂದಣಿಯಾದ ವಾಹನಕ್ಕೆ ನಮೂನೆ 34ರಲ್ಲಿ ಅರ್ಜಿ ಸಲ್ಲಿಸಬೇಕು. ಬ್ಯಾಂಕಿನ ಹೆಸರು ಹಾಗೂ ಶಾಖೆ ಸರಿಯಾಗಿವೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು. ತಾತ್ಕಾಲಿಕ ಅಥವಾ ಖಾಯಂ ನೋಂದಣಿ ಇಲ್ಲದೆ ಮಾರಾಟಗಾರರು ವಾಹನವನ್ನು ಹಸ್ತಾಂತರಿಸುವಂತಿಲ್ಲ (ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 42).

5. ಸಾಲ ತೀರಿದ ನಂತರ

ಸಾಲ ತೀರಿದ ಮಾತ್ರಕ್ಕೆ ನೋಂದಣಿ ಪ್ರಮಾಣ ಪತ್ರದಲ್ಲಿನ ನಮೂದು ತಾನಾಗಿಯೇ ರದ್ದಾಗುತ್ತದೆ ಎಂದು ಭಾವಿಸಬಾರದು. ಈ ನಮೂದು ಇರುವವರೆಗೆ ಸಾಲದಾತರ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕತ್ವ ವರ್ಗಾವಣೆ ಸಾಧ್ಯವಿಲ್ಲ. ವರ್ಷಗಳ ನಂತರ ಕಾರನ್ನು ಮಾರುವಾಗ ಅಥವಾ ಮಾಲೀಕರು ಮೃತಪಟ್ಟಲ್ಲಿ ಅವರ ವಾರಸುದಾರರಿಗೆ ಇದರಿಂದ ತೊಂದರೆಯಾಗುತ್ತದೆ.

ಆದ್ದರಿಂದ ಸಾಲದಾತರ ಸಹಿಯುಳ್ಳ ನಮೂನೆ 35, ನಿರಾಕ್ಷೇಪಣಾ ಪತ್ರ, ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ ಹಾಗೂ ವಾಯುಮಾಲಿನ್ಯ ಪ್ರಮಾಣ ಪತ್ರಗಳೊಂದಿಗೆ ಪರಿವಾಹನ್ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಿ, ವಾಹನ ನೋಂದಣಿಯಾಗಿರುವ ಕಚೇರಿಯಲ್ಲಿ ನಮೂದನ್ನು ರದ್ದುಪಡಿಸಿಕೊಳ್ಳತಕ್ಕದ್ದು. ಈ ಭಾಗದಲ್ಲಿ ಬೆಂಗಳೂರು ಪೂರ್ವ ಕಚೇರಿಯ ಸಂಕೇತ ಕೆಎ-03. ಕೃಷ್ಣರಾಜಪುರಂ ಕಚೇರಿಯ ಸಂಕೇತ ಕೆಎ-53.

ರಿಸರ್ವ್ ಬ್ಯಾಂಕಿನ 2023ರ ನಿರ್ದೇಶನದಂತೆ, ಸಾಲ ಪೂರ್ಣವಾಗಿ ತೀರಿದ 30 ದಿನಗಳೊಳಗೆ ಸಾಲದಾತರು ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ತಮ್ಮಿಂದಾದ ವಿಳಂಬಕ್ಕೆ ದಿನಕ್ಕೆ ರೂ. 5,000ದಂತೆ ಪರಿಹಾರ ನೀಡಬೇಕು.

6. ದೂರು

ನಿರ್ದಿಷ್ಟ ಸಂಸ್ಥೆಯಿಂದಲೇ ಸಾಲ ಅಥವಾ ವಿಮೆ ಪಡೆಯುವಂತೆ ಮಾರಾಟಗಾರರು ಒತ್ತಾಯಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ವಿರುದ್ಧದ ದೂರನ್ನು ಮೊದಲು ಅದೇ ಸಂಸ್ಥೆಗೆ ಲಿಖಿತವಾಗಿ ಸಲ್ಲಿಸಿ, 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಅವರಿಗೆ ಸಲ್ಲಿಸಬಹುದಾಗಿದೆ.

ಸಾರ್ವಜನಿಕರು ಮಧ್ಯವರ್ತಿಗಳನ್ನು ಅವಲಂಬಿಸದೆ ನೇರವಾಗಿ ಅರ್ಜಿ ಸಲ್ಲಿಸಿ ಈ ಸೇವೆಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.