ಮಾತಿಲ್ಲದ ಹರ್ಬರ್ಟ್ ಮತ್ತು ಊಟದ ತಟ್ಟೆ



"ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ನಮ್ಮ ಹಿರಿಯರು ಹೇಳಿದರು. ಮಾತೇ ಬಾರದವನಿಗೆ? ಹಬ್ಬದ ದಿನ ದೇವಾಲಯದ ಅಂಗಳ ತುಂಬಿ ತುಳುಕುತ್ತದೆ. ಆದರೆ ಆಟಿಸಂ ಇರುವ, ಮಾತನಾಡದ, ಮೂವತ್ತು ದಾಟಿದ ಮಗನನ್ನೋ ಮಗಳನ್ನೋ ಮನೆಯಲ್ಲಿ ಕಾಯುತ್ತಾ ತಂದೆ ಒಂದು ಪೂಜೆಗೆ, ತಾಯಿ ಇನ್ನೊಂದು ಪೂಜೆಗೆ ಬರುವುದನ್ನು ನಾವು ಗಮನಿಸಿದ್ದೇವೆಯೇ? ಮಗುವಾಗಿದ್ದಾಗ ಎಲ್ಲರೂ ಮುದ್ದಿಸಿದೆವು. ಬೆಳೆದ ಮೇಲೆ ಮೆಲ್ಲನೆ ದೂರ ಸರಿದೆವು. ಇಂಥವರ ಚರಿತ್ರೆಯ ಒಂದು ಪುಟವನ್ನು ಇಂದು ತೆರೆದು ನೋಡೋಣ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಆಟಿಸಂ ಕುರಿತ ಇಂದಿನ ತಿಳುವಳಿಕೆಗೆ ಆ ಬರಹವೇ ಒಂದು ಮುಖ್ಯ ಆರಂಭ. ಆ ಹನ್ನೊಂದರಲ್ಲಿ 8 ಮಂದಿಗೆ ಮಾತು ಬಂದಿತ್ತು, 3 ಮಂದಿಗೆ ಬಂದಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ನಂತರ, 1971ರಲ್ಲಿ, ಆ ಮಕ್ಕಳೆಲ್ಲ ಏನಾದರೆಂದು ಕ್ಯಾನರ್ ಹುಡುಕಿ ಮತ್ತೆ ಬರೆದರು. ಮೊದಲ ಬರಹ ಎಲ್ಲರಿಗೂ ಗೊತ್ತು. ನಮ್ಮನ್ನು ತಡೆದು ನಿಲ್ಲಿಸುವುದು ಈ ಎರಡನೆಯದು.

ಅದರಲ್ಲಿ ವರ್ಜೀನಿಯಾ ಎಂಬ ಹೆಸರಿನಿಂದ ಬರುವಾಕೆ 1936ರಲ್ಲಿ, ಐದು ವರ್ಷ ತುಂಬುವ ಹೊತ್ತಿಗೆ, ಬುದ್ಧಿಮಾಂದ್ಯರ ಸರ್ಕಾರಿ ಸಂಸ್ಥೆ ಸೇರಿದ್ದಳು. ನಲವತ್ತರ ವಯಸ್ಸಿನಲ್ಲೂ ಆಕೆ ಸರ್ಕಾರಿ ಆಸ್ಪತ್ರೆಯಲ್ಲೇ ಇದ್ದರು. ಮಾತಿಲ್ಲ. ಆದರೆ ಕಿವಿ ಕೇಳುತ್ತಿತ್ತು, ಹೇಳಿದ್ದು ತಿಳಿಯುತ್ತಿತ್ತು. ಬಣ್ಣ ಗುರುತಿಸುತ್ತಿದ್ದರು, ಗಡಿಯಾರ ನೋಡಬಲ್ಲವರಾಗಿದ್ದರು, ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಚಿತ್ರದ ತುಂಡುಗಳನ್ನು ಜೋಡಿಸುವ ಆಟದಲ್ಲಿ ಗಟ್ಟಿಗರು. ಅದನ್ನೂ ಒಬ್ಬರೇ ಕುಳಿತು ಆಡುತ್ತಿದ್ದರು.

ಹರ್ಬರ್ಟನಿಗೂ ಮಾತಿಲ್ಲ. ಆತನಿಗೂ ಬಿಡುವಿನಲ್ಲಿ ಅದೇ ಜೋಡಿಸುವ ಆಟ. ಆದರೆ ಆತ ಬೆಳೆದದ್ದು ಒಬ್ಬ ರೈತ ದಂಪತಿಗಳ ಆಶ್ರಯದಲ್ಲಿ. ರೈತನ ಹಿಂದೆ ಹಿಂದೆ ನಡೆದು ಕೆಲಸ ಕಲಿತರು. ಸೌದೆ ಕಡಿದರು, ಹುಲ್ಲು ಕತ್ತರಿಸುವ ಯಂತ್ರ ನಡೆಸಿದರು, ಊಟದ ಮೇಜನ್ನು ಅಚ್ಚುಕಟ್ಟಾಗಿ ಅಣಿಮಾಡಿದರು. ಮೈಲುಗಟ್ಟಲೆ ಒಬ್ಬರೇ ತಿರುಗಿ, ದಾರಿ ತಪ್ಪದೆ ಮನೆಗೆ ಮರಳುತ್ತಿದ್ದರು. ರೈತ ತೀರಿಕೊಂಡ ಮೇಲೆ ಆತನ ಪತ್ನಿ ವೃದ್ಧರಿಗಾಗಿ ಒಂದು ಶುಶ್ರೂಷಾಗೃಹ ತೆರೆದರು. ಹರ್ಬರ್ಟ್ ಅಲ್ಲೇ ಉಳಿದರು. ಕೋಣೆಯಲ್ಲೇ ಊಟ ಮಾಡುವ ಅಜ್ಜಿಯರಿಗೆ ತಟ್ಟೆ ತಂದುಕೊಡುವುದು ಅವರ ಕೆಲಸವಾಯಿತು. ಆಗಲೂ ಒಂದು ಮಾತನ್ನೂ ಆಡಲಿಲ್ಲ.

ಇಬ್ಬರ ಮೌನವೂ ಒಂದೇ, ಬಾಳು ಮಾತ್ರ ಬೇರೆ. ಇಬ್ಬರ ಸಾಮರ್ಥ್ಯದಲ್ಲೂ ಅಂತರವಿದ್ದೀತು, ಅಲ್ಲವೆನ್ನಲಾಗದು. ಆದರೂ ಅಂಥ ಆಸ್ಪತ್ರೆಗೆ ಸೇರಿಸುವುದು ಜೀವಾವಧಿ ಶಿಕ್ಷೆಗೆ ಸಮಾನವಾಗಿತ್ತೆಂದು ಕ್ಯಾನರ್ ಅವರೇ ಬರೆದರು. (ಇದೇ ಕ್ಯಾನರ್ ಹಿಂದೊಮ್ಮೆ ತಂದೆತಾಯಿಗಳಲ್ಲಿ ಪ್ರೀತಿಯ ಬಿಸುಪಿಲ್ಲವೆಂದು ಬರೆದು, ಎಷ್ಟೋ ತಾಯಂದಿರ ಎದೆಗೆ ಭಾರ ಹೊರಿಸಿದ್ದರು. ಆ ವಾದ ಈಗ ಬಿದ್ದುಹೋಗಿದೆ.)

ನಮ್ಮ ದೇಶದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಸಮುದಾಯದ ನಡುವೆ ಬಾಳುವುದು ಅವರ ಹಕ್ಕು ಎಂದಿತು. ಆದರೂ "ನಮ್ಮ ನಂತರ ಇವನಿಗೆ ಯಾರು?" ಎಂದು ವಯಸ್ಸಾದ ತಾಯಿ ಕೇಳುವಾಗ ಕಾಯ್ದೆಯ ಪುಸ್ತಕ ಎದ್ದು ಬಂದು ಉತ್ತರ ಕೊಡುವುದಿಲ್ಲ. ಆ ರೈತ ದಂಪತಿಗಳು ಕೊಟ್ಟಂಥ ಉತ್ತರವನ್ನು ನೆರೆಹೊರೆಯೇ ಕೊಡಬೇಕು.

ಮಾತಿಲ್ಲವೆಂದರೆ ಹೇಳುವುದೇನೂ ಇಲ್ಲವೆಂದಲ್ಲ. ಕೆಲವರು ಚಿತ್ರದ ಕಾರ್ಡು ತೋರಿಸುತ್ತಾರೆ, ಕೆಲವರು ಟ್ಯಾಬ್ಲೆಟ್ ಒತ್ತುತ್ತಾರೆ, ಕೆಲವರು ನಮ್ಮ ಕೈಹಿಡಿದು ಎಳೆಯುತ್ತಾರೆ. ಉತ್ತರಕ್ಕೆ ತುಸು ಹೊತ್ತು ಕಾಯಬೇಕು. ಅವರ ಕೈಯನ್ನು ನಾವೇ ಹಿಡಿದು ಬರೆಸಬಾರದು. ಹಾಗೆ ಬಂದ ಮಾತು ಬರೆಸಿದವರದ್ದೇ ಎಂದು 1990ರ ದಶಕದ ಪರೀಕ್ಷೆಗಳು ತೋರಿಸಿಕೊಟ್ಟವು.

ಮುಂದಿನ ಹಬ್ಬಕ್ಕೆ ಆ ಕುಟುಂಬವನ್ನು ಒಟ್ಟಾಗಿ ಕರೆಯೋಣ. ಬಾಗಿಲ ಬಳಿಯ ಬೆಂಚು ಅವರಿಗಿರಲಿ. ಪಟಾಕಿ, ಬ್ಯಾಂಡು, ಧ್ವನಿವರ್ಧಕದ ಸದ್ದು ಕೆಲವರಿಗೆ ಹಿಂಸೆ. ಕಿವಿ ಮುಚ್ಚಿಕೊಂಡರೆ ಗದರಿಸದೆ ಸದ್ದು ತಗ್ಗಿಸೋಣ. ಊಟದ ಪಂಕ್ತಿಯಲ್ಲಿ ಎಲೆ ಹಾಕುವ ಕೆಲಸಕ್ಕೆ ಕರೆದು ನೋಡೋಣ. ಒಪ್ಪಿದರೆ ಮರುವರ್ಷವೂ ಆ ಕೆಲಸ ಅವರದ್ದೇ ಆಗಿರಲಿ. ಬದಲಾಯಿಸಲೇಬೇಕಾದರೆ ಒಂದು ವಾರ ಮೊದಲೇ ಚಿತ್ರ ತೋರಿಸಿ ತಿಳಿಸೋಣ.