ಕಗಪ ಕೀಲಿಮಣೆ ಲಿನಕ್ಸ್ ಭಂಡಾರ ಸೇರಿದ ಬಗೆ

ಕನ್ನಡ ಗಣಕೀಕರಣದ ಚರಿತ್ರೆ ಬರೆಯುವವರು ತಂತ್ರಾಂಶವನ್ನು ಯಾರು ಬರೆದರು, ಎಂದು ಬಿಡುಗಡೆಯಾಯಿತು ಎಂಬಲ್ಲಿಗೆ ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತಾರೆ. ಅದು ಬಳಕೆದಾರರನ್ನು ಯಾವ ದಾರಿಯಲ್ಲಿ ತಲುಪಿತು, ಯಂತ್ರ ಬದಲಾದ ಮೇಲೂ ಉಳಿಯಿತೇ ಎಂಬ ಪ್ರಶ್ನೆಗಳು ನನಗೆ ಅದಕ್ಕಿಂತ ಮುಖ್ಯವೆನಿಸುತ್ತವೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ ಎಂದಾದ ಕೀಲಿಮಣೆ ಇದಕ್ಕೆ ತಕ್ಕ ಸಾಕ್ಷಿ. ವಿಂಡೋಸ್‌ನಲ್ಲಿ ಅದನ್ನು ಜನಪ್ರಿಯಗೊಳಿಸಿದ್ದು ಪರಿಷತ್ತಿನ ‘ನುಡಿ’. ಆ ತಂತ್ರಾಂಶವನ್ನು ಪ್ರತ್ಯೇಕವಾಗಿ ತಂದು ಹಾಕಿಕೊಳ್ಳಬೇಕು. ಇಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಉಬುಂಟು ಲಿನಕ್ಸ್ ಹಾಕಿಕೊಂಡ ಸಂಶೋಧಕರಿಗೆ ಆ ಕೆಲಸವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕಗಪವನ್ನು ಆರಿಸಿಕೊಂಡು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರಕ್ಕೆ ಬೇಕಾದ ಹಲಂತ.

ಈ ವ್ಯತ್ಯಾಸಕ್ಕೆ ಕಾರಣ ವಿನ್ಯಾಸದ ಗುಣವಲ್ಲ, ವಿತರಣೆಯ ಮಾರ್ಗ. ಲಿನಕ್ಸ್‌ನಲ್ಲಿ ಕರ್ನಲ್‌ನೊಳಗಿನ ಡ್ರೈವರ್ ಯಾವ ಕೀಲಿ ಒತ್ತಲಾಯಿತು ಎಂಬ ಸಂಖ್ಯೆಯನ್ನಷ್ಟೇ ಮೇಲಕ್ಕೆ ಕಳಿಸುತ್ತದೆ. ಅದು ಯಾವ ಅಕ್ಷರವೆಂದು ನಿರ್ಧರಿಸುವುದು ಎಕ್ಸ್‌ಕೆಬಿ ವಿನ್ಯಾಸಪಟ್ಟಿ. ಕಗಪ ಆ ಪಟ್ಟಿಯ ಮೂಲ ಯೋಜನೆಗೇ ಸೇರಿದ್ದರಿಂದ ಡೆಬಿಯನ್‌, ಫೆಡೋರಾ ಮೊದಲಾದ ಲಿನಕ್ಸ್ ವಿತರಣೆಗಳ ತಂತ್ರಾಂಶ ಭಂಡಾರಗಳಿಗೆಲ್ಲ ತಾನಾಗಿ ಹರಿಯಿತು. ಅಷ್ಟೇ ಅಲ್ಲ, ಸಂಸ್ಕೃತ, ಹಿಂದಿ, ಮರಾಠಿ, ತೆಲುಗಿಗೂ ಅಲ್ಲಿ ಕಗಪ ರೂಪಗಳಿವೆ. 2016ರಲ್ಲಿ ಫೆಡೋರಾ 25 ಎಕ್ಸ್ ಎಂಬ ಹಳೆಯ ಪರದೆ ವ್ಯವಸ್ಥೆಗಿಂತ ವೇಲ್ಯಾಂಡ್ ಎಂಬ ಹೊಸದನ್ನು ಮುಂದಿಟ್ಟುಕೊಂಡಾಗಲೂ ಅದೇ ಪಟ್ಟಿ ಬಳಕೆಯಲ್ಲಿ ಮುಂದುವರಿಯಿತು. ಕನ್ನಡಕ್ಕೆಂದು ಯಾರೂ ಹೊಸದಾಗಿ ಏನನ್ನೂ ಬರೆಯಬೇಕಾಗಲಿಲ್ಲ.

ಕೀಲಿಪಟ್ಟಿ ಬರೀ ದತ್ತಾಂಶ, ಡ್ರೈವರ್‌ನ ಕಷ್ಟವೇ ಬೇರೆ ಎಂಬ ಆಕ್ಷೇಪ ಏಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಕರ್ನಲ್‌ನ ಒಳಸಂಪರ್ಕಗಳು ಸ್ಥಿರವಲ್ಲ. ಹೊರಗಿನ ಡ್ರೈವರನ್ನು ಕರ್ನಲ್ ಬದಲಾದಂತೆಲ್ಲ ಮತ್ತೆ ಕಟ್ಟಬೇಕು. ಅದಕ್ಕೆಂದೇ ಡೆಲ್ ಸಂಸ್ಥೆ 2003ರಲ್ಲಿ ಡಿಕೆಎಂಎಸ್ ರೂಪಿಸಿತು: ಪ್ಯಾಕೇಜು ಮೂಲಸಂಕೇತವನ್ನು ಹೊತ್ತು ತರುತ್ತದೆ, ಹೊಸ ಕರ್ನಲ್ ಬಂದಾಗ ಯಂತ್ರವೇ ಅದನ್ನು ಕಟ್ಟಿಕೊಳ್ಳುತ್ತದೆ. ಆದರೆ ಈ ಉಪಾಯವೂ ದಾರಿಯ ನಡುವಿನ ತಂಗುದಾಣವೇ. ವೈರ್‌ಗಾರ್ಡ್ ಎಂಬ ವಿಪಿಎನ್ ಮಾಡ್ಯೂಲ್ ಕೆಲಕಾಲ ಡಿಕೆಎಂಎಸ್ ಪ್ಯಾಕೇಜಾಗಿ ಓಡಾಡಿ, 2020ರ ಮಾರ್ಚ್‌ನಲ್ಲಿ ಬಂದ ಕರ್ನಲ್ 5.6ರಲ್ಲಿ ಮೂಲದೊಳಗೇ ಸೇರಿತು. ಆ ಕರ್ನಲ್‌ನಿಂದಾಚೆಗೆ ಪ್ರತ್ಯೇಕ ಪ್ಯಾಕೇಜಿನ ಅಗತ್ಯವೇ ಬೀಳಲಿಲ್ಲ. ಕಗಪ ಆ ತಂಗುದಾಣವನ್ನೂ ದಾಟಿ ನೇರವಾಗಿ ಮೂಲಕ್ಕೆ ಹೋಯಿತು. ಸಾಮಗ್ರಿ ಬೇರೆಯಾದರೂ ನಿಯಮ ಒಂದೇ: ಮೂಲ ಯೋಜನೆ ತನ್ನದೆಂದು ಒಪ್ಪಿಕೊಂಡದ್ದನ್ನು ಎಲ್ಲರೂ ಸೇರಿ ಕಾಪಾಡುತ್ತಾರೆ, ಹೊರಗುಳಿದದ್ದನ್ನು ಬರೆದವರೊಬ್ಬರೇ ಹೊರಬೇಕು.

ಭಂಡಾರಗಳು ನಿಧಾನ ಎಂಬುದು ಇನ್ನೊಂದು ದೂರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಸುಮಾರು ಎರಡು ವರ್ಷ ಕಾಯಬೇಕು, ನಿಜ. ನಿನ್ನೆ ಮಾರುಕಟ್ಟೆಗೆ ಬಂದ ವೈಫೈ ಚಿಪ್‌ಗೆ ಅದು ತೊಡಕೇ. ಭಾಷೆಯ ಸಲಕರಣೆಗೆ ಬೇಕಾದದ್ದು ದಶಕಗಳ ಬಾಳಿಕೆ; ಅಲ್ಲಿ ಈ ನಿಧಾನ ದೊಡ್ಡ ನಷ್ಟವಲ್ಲ. ಡೆಬಿಯನ್‌ ಭಂಡಾರದಲ್ಲಿರುವ ಗುಬ್ಬಿ, ನವಿಲು ಫಾಂಟುಗಳೂ ಇದೇ ದಾರಿಯಲ್ಲಿ ಬಂದವು. ಆದ್ದರಿಂದ ಮೈಸೂರಿನಲ್ಲಿ ಕನ್ನಡಕ್ಕಾಗಿ ತಂತ್ರಾಂಶ ಕಟ್ಟುವವರು ಮುಕ್ತ ಪರವಾನಗಿಯನ್ನೂ ಭಂಡಾರದ ಪ್ಯಾಕೇಜನ್ನೂ ಯೋಜನೆಯ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.