ಮೊಲದ ಮಾಂಸದಿಂದ ಯೀಸ್ಟಿನವರೆಗೆ: ಆಕ್ಟಿನ್ ಶುದ್ಧಿಯ ಕಥೆ

1940ರ ದಶಕದ ಆರಂಭ. ಯುರೋಪ್ ಯುದ್ಧದಲ್ಲಿ ಮುಳುಗಿತ್ತು. ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿಯವರ ತಂಡ ಮೊಲದ ಸ್ನಾಯುವನ್ನು ಕೊಚ್ಚಿ ಉಪ್ಪುನೀರಿನಲ್ಲಿ ನೆನೆಹಾಕುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಸೋಸಿದರೆ ತೆಳುವಾದ ರಸ ಸಿಗುತ್ತಿತ್ತು. ಇಲೊನಾ ಬಂಗಾ ಒಮ್ಮೆ ಅದನ್ನು ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ರಸ ಮಂದವಾಗಿತ್ತು. ಎಟಿಪಿ ಬೆರೆಸಿದೊಡನೆ ಮತ್ತೆ ತೆಳುವಾಯಿತು. ಮಯೋಸಿನ್ ಜೊತೆಗೆ ಇನ್ನೊಂದು ಪ್ರೋಟೀನು ಇಳಿದುಬಂದಿತ್ತು. 1942ರಲ್ಲಿ ಅದನ್ನು ಬೇರ್ಪಡಿಸಿದವರು ತಂಡದ ಯುವ ವಿಜ್ಞಾನಿ ಬ್ರೂನೊ ಸ್ಟ್ರೌಬ್. ಮಯೋಸಿನ್ ತೆಗೆದ ಸ್ನಾಯುವನ್ನು ಅಸಿಟೋನಿನಲ್ಲಿ ತೊಳೆದು, ಒಣಗಿಸಿ, ಆ ಪುಡಿಯಿಂದ ನೀರಿನಲ್ಲಿ ಇಳಿಸಿಕೊಂಡ ಪ್ರೋಟೀನೇ ಆಕ್ಟಿನ್.

ಆಕ್ಟಿನ್ ಸ್ನಾಯುವಿನ ಸೊತ್ತು ಎಂಬ ನಂಬಿಕೆ ಹೆಚ್ಚು ಕಾಲ ಉಳಿಯಲಿಲ್ಲ. 1966ರಲ್ಲಿ ಜಪಾನಿನ ಹತಾನೊ ಮತ್ತು ಊಸಾವಾ ಅದನ್ನು ಲೋಳೆಬೂಷ್ಟಿನಿಂದಲೂ ತೆಗೆದರು. ಜೀವಕೋಶಕ್ಕೆ ಆಕಾರ ಕೊಡುವ, ಅದು ಎರಡಾಗುವಾಗ ನಡುವೆ ಹಿಂಡುವ ಎಳೆಗಳೂ ಆಕ್ಟಿನ್ನೇ. ಮನುಷ್ಯರಲ್ಲಿ ಅದರ ಆರು ಬಗೆಗಳಿವೆ.

ಆದರೂ ಪ್ರಯೋಗಾಲಯಗಳು ದಶಕಗಳ ಕಾಲ ಮೊಲದ ಸ್ನಾಯುವನ್ನೇ ನೆಚ್ಚಿಕೊಂಡವು. ಅದು ಧಾರಾಳವಾಗಿ ಸಿಗುತ್ತಿತ್ತು. ಉಳಿದ ಬಗೆಗಳನ್ನು ಬಿಡಿಸುವುದು ಮಾತ್ರ ಕಷ್ಟ: ಜೀವಕೋಶದ ಬೀಟಾ ಮತ್ತು ಗಾಮಾ ಆಕ್ಟಿನ್‌ಗಳ 375 ಅಮೈನೋ ಆಮ್ಲಗಳಲ್ಲಿ ವ್ಯತ್ಯಾಸ ನಾಲ್ಕರಲ್ಲಷ್ಟೇ. ಗಾಮಾದ ವಂಶವಾಹಿಯಲ್ಲಿನ ಕೆಲವು ದೋಷಗಳಿಂದ ಕಿವಿ ಕ್ರಮೇಣ ಮಂದವಾಗುತ್ತದೆ. ಅಂಥದ್ದರ ಕಾರಣವನ್ನು ಸ್ನಾಯುವಿನ ಆಕ್ಟಿನ್‌ನಲ್ಲಿ ಹುಡುಕಿದರೆ ಸಿಗುವ ಉತ್ತರವನ್ನು ಎಷ್ಟು ನಂಬಬಹುದು?

ಬ್ಯಾಕ್ಟೀರಿಯಾದಲ್ಲಿ ಬೆಳೆಸೋಣವೆಂದರೆ, ಆಕ್ಟಿನ್ನನ್ನು ಸರಿಯಾಗಿ ಮಡಚುವ ಸಹಾಯಕ ಪ್ರೋಟೀನು ಅದರಲ್ಲಿಲ್ಲ. ಯೀಸ್ಟಿನಲ್ಲಿದೆ, ಆದರೆ ಯೀಸ್ಟಿನ ಸ್ವಂತ ಆಕ್ಟಿನ್ ಕಲಬೆರಕೆಯಾಗುತ್ತದೆ. 2018ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ತೊಮೊಯುಕಿ ಹತಾನೊ, ಮೋಹನ್ ಬಾಲಸುಬ್ರಮಣಿಯನ್ ಮತ್ತು ಸಂಗಡಿಗರು ಪಿಕಿಯಾ ಎಂಬ ಯೀಸ್ಟಿನಲ್ಲಿ ದಾರಿ ತೋರಿಸಿದರು. ಮಾನವ ಆಕ್ಟಿನ್‌ನ ಬಾಲಕ್ಕೆ ಥೈಮೋಸಿನ್ ಎಂಬ ಪುಟ್ಟ ಪ್ರೋಟೀನನ್ನೂ ಹಿಡಿದೆಳೆಯಲು ಒಂದು ಹಿಡಿಕೆಯನ್ನೂ ಅಂಟಿಸಿದರು. ಥೈಮೋಸಿನ್ ಆಕ್ಟಿನ್ನನ್ನು ಎಳೆಗಟ್ಟದಂತೆ ತಡೆಯಿತು. ಕೊನೆಗೆ ಕೈಮೋಟ್ರಿಪ್ಸಿನ್ ಕಿಣ್ವದಿಂದ ಬಾಲ ಕತ್ತರಿಸಿದರೆ ಹೆಚ್ಚುವರಿ ಒಂದು ತುಣುಕೂ ಉಳಿಯುವುದಿಲ್ಲ.

ಇನ್ನೊಂದು ಕೊರತೆಯಿತ್ತು. ದೇಹದ ಆಕ್ಟಿನ್ ಮೇಲೆ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ: 73ನೇ ಸ್ಥಾನದ ಹಿಸ್ಟಿಡಿನ್ ಮೇಲೆ ಮೀಥೈಲ್, ತುದಿಯಲ್ಲಿ ಅಸಿಟೈಲ್. ಅವನ್ನು ಹಚ್ಚುವ ಕಿಣ್ವಗಳು ಪತ್ತೆಯಾದದ್ದು 2018ರ ಆಸುಪಾಸಿನಲ್ಲಿ. 2020ರ ಹೊತ್ತಿಗೆ ವಾರ್ವಿಕ್ ತಂಡ ಬೇಕಾದ ಬಗೆಯ ಆಕ್ಟಿನ್ನನ್ನು ಬೇಕಾದ ಗುರುತಿನೊಂದಿಗೆ ತಯಾರಿಸತೊಡಗಿತ್ತು.

ಸ್ಟ್ರೌಬ್ ಅವರ ಅಸಿಟೋನ್ ಪುಡಿ ಇಂದಿಗೂ ಬಳಕೆಯಲ್ಲಿದೆ. ಸ್ನಾಯುವಿನ ಪ್ರಶ್ನೆಗಳಿಗೆ ಅದು ಒಳ್ಳೆಯ ಉತ್ತರವನ್ನೇ ಕೊಡುತ್ತದೆ. ಕಿವಿಯ ಪ್ರಶ್ನೆಯನ್ನು ಈಗ ಗಾಮಾ ಆಕ್ಟಿನ್ನನ್ನೇ ಕೇಳಬಹುದು.